ಊಟದ ಬಿಡುವು ನಾಲ್ಕು ಗಂಟೆಗಾ? ಖಂಡಿತ ಸರಿಯಲ್ಲ

ಬೆಳಿಗ್ಗೆ 9:30ಕ್ಕೆ ಬಟ್ಟೆ ಅಂಗಡಿಗೆ ಬರುತ್ತೀರಿ, ಗಿರಾಕಿ ಜಾಸ್ತಿ ಅಂತ ಮಾಲೀಕರು ಊಟಕ್ಕೆ ಬಿಡುವುದು ಸಂಜೆ 4ಕ್ಕೆ, ಇದು ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ಕರ್ನಾಟಕದ ಅಂಗಡಿಗಳಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅದರ 9ನೇ ಸೆಕ್ಷನ್ ಪ್ರಕಾರ ಒಂದೇ ಸಮನೆ 5 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ 1 ಗಂಟೆ ಬಿಡುವು ಕೊಡಲೇಬೇಕು. ಅಂದರೆ ನಿಮಗೆ 2:30ರೊಳಗೆ ಊಟಕ್ಕೆ ಬಿಡಬೇಕು. ನೀವು ಆರೂವರೆ ಗಂಟೆ ನಿಂತೇ ಇರುತ್ತೀರಿ, ಓದಿ ನಿಜಕ್ಕೂ ಸಂಕಟವಾಯಿತು.

"ಬಿಡುವು ಬೇಡ, ಸಂಜೆ ಒಂದು ಗಂಟೆ ಮುಂಚೆ ಮನೆಗೆ ಹೋಗಿ" ಅಂದರೂ ಒಪ್ಪಬೇಡಿ. ಬಿಡುವು ಕೆಲಸದ ನಡುವೆಯೇ ಸಿಗಬೇಕು, ಅಲ್ವಾ? ಆ ಹೊತ್ತಿನಲ್ಲಿ ಕೌಂಟರ್ ನೋಡಿಕೋ ಅಂದರೆ ಅದು ಬಿಡುವೇ ಅಲ್ಲ.

ಒಬ್ಬರೇ ಹೋಗಿ ಕೇಳಬೇಡಿ, ಜೊತೆಯವರನ್ನೂ ಸೇರಿಸಿಕೊಳ್ಳಿ. ಇಬ್ಬಿಬ್ಬರಾಗಿ ಸರದಿಯಲ್ಲಿ ಊಟಕ್ಕೆ ಹೋಗುತ್ತೇವೆ ಅನ್ನಿ, ಗಿರಾಕಿಗಳಿಗೂ ತೊಂದರೆ ಆಗುವುದಿಲ್ಲ. ದಿನಾ ಬಂದ ಸಮಯ, ಊಟಕ್ಕೆ ಬಿಟ್ಟ ಸಮಯ ಬರೆದಿಡಿ. ಮಾಲೀಕರು ಜಗ್ಗದಿದ್ದರೆ ಆ ಪಟ್ಟಿಯ ಜೊತೆ ನಿಮ್ಮ ಭಾಗದ ಕಾರ್ಮಿಕ ನಿರೀಕ್ಷಕರಿಗೆ ಲಿಖಿತ ದೂರು ಕೊಡಿ. ದೂರಿನ ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.