ಬಿಜೆಪಿಯ ಲೆಕ್ಕಕ್ಕೆ ವಾರಸುದಾರರು ಯಾರು?

ರಾಜಾಜಿನಗರದ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ನಮಗೆ ಪತ್ರ ಬರೆದಿದ್ದಾರೆ. ಅವರ ಆಕ್ಷೇಪ ಹೀಗಿದೆ: 'ರಾಜ್ಯ ಸಾಲದಲ್ಲಿ ಮುಳುಗುತ್ತಿದೆ ಎಂದು ಬಿಜೆಪಿ ಎಚ್ಚರಿಸುತ್ತಿರುವುದು ಸರಿಯಾಗಿಯೇ ಇದೆ. ನೀವು ಅದನ್ನು ಬಿಟ್ಟು ಆ ಪಕ್ಷದ ಬಣ ಜಗಳದ ಬಗ್ಗೆಯೇ ಪುಟ ತುಂಬಿಸುತ್ತೀರಿ. ಯಾರು ಅಧ್ಯಕ್ಷರಾದರೆ ನಮಗೇನು? ಅದು ಅವರ ಮನೆಯ ವಿಷಯ. ಅಧಿಕಾರದಲ್ಲಿರುವವರನ್ನು ಕೇಳಬೇಕಾದ ಪ್ರಶ್ನೆಗಳನ್ನು ಇಲ್ಲದವರಿಗೆ ಕೇಳುವುದು ನ್ಯಾಯವೇ?'

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರದ ಮೊದಲ ಮಾತನ್ನು ಸಂಪೂರ್ಣ ಒಪ್ಪುತ್ತೇನೆ. ಸಾಲದ ಪ್ರಶ್ನೆ ಕೇಳಲೇಬೇಕಾದದ್ದು. 2025–26ರ ರಾಜ್ಯ ಬಜೆಟ್‌ನ ಗಾತ್ರ 4,09,549 ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಎತ್ತಿಟ್ಟದ್ದು 51,034 ಕೋಟಿ. ಆ ವರ್ಷ ತರಲು ಉದ್ದೇಶಿಸಿದ ಸಾಲ 1.16 ಲಕ್ಷ ಕೋಟಿ. ನಮ್ಮ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ರಾಜ್ಯದ ಒಟ್ಟು ಹೊಣೆಗಾರಿಕೆ, ಅಂದರೆ ತೀರಿಸಬೇಕಾದ ಬಾಕಿಯೆಲ್ಲ ಸೇರಿ, ರಾಜ್ಯದ ಆಂತರಿಕ ಉತ್ಪನ್ನದ ಶೇ 25ರೊಳಗೆ ಇರಬೇಕು. ಬಜೆಟ್ ಪುಸ್ತಕದ ಅಂದಾಜು ಶೇ 24.91. ನಿತ್ಯದ ಆದಾಯ–ಖರ್ಚಿನ ಲೆಕ್ಕವಾದ ರಾಜಸ್ವ ಖಾತೆಯಲ್ಲಂತೂ ಕೊರತೆಯನ್ನೇ ತೋರಿಸಲಾಗಿದೆ. ಬ್ಯಾಂಕಿನಲ್ಲಿ ದುಡಿದ ನಿಮಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ 'ಅದು ಅವರ ಮನೆಯ ವಿಷಯ' ಎಂಬ ಮಾತನ್ನು ಒಪ್ಪಲಾರೆ.

2023ರ ಮೇ 13ರಂದು ಫಲಿತಾಂಶ ಬಂತು. ಬಿಜೆಪಿಗೆ 66 ಸ್ಥಾನ ಸಿಕ್ಕವು. ಜುಲೈ 7ರಂದು ಸಿದ್ದರಾಮಯ್ಯನವರು ಗ್ಯಾರಂಟಿಗಳ ಮೊದಲ ಬಜೆಟ್ ಮಂಡಿಸಿದರು. ರಾಜ್ಯದ ಖರ್ಚಿನ ದಿಕ್ಕನ್ನೇ ಬದಲಿಸಿದ ಬಜೆಟ್ ಅದು. ಅದನ್ನು ಸಾಲುಸಾಲಾಗಿ ಬಿಡಿಸಿ ಪ್ರಶ್ನಿಸಬೇಕಾದ ಹೊತ್ತಿನಲ್ಲಿ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕರೇ ಇರಲಿಲ್ಲ. ವರಿಷ್ಠರು ಹೆಸರು ಅಂತಿಮಗೊಳಿಸಿ ಆರ್. ಅಶೋಕ ಅವರು ಆ ಸ್ಥಾನಕ್ಕೆ ಬಂದದ್ದು ನವೆಂಬರ್ 17ರಂದು. ಅದೇ ತಿಂಗಳ 10ರಂದು ಬಿ.ವೈ. ವಿಜಯೇಂದ್ರ ಅವರು ರಾಜ್ಯಾಧ್ಯಕ್ಷರಾಗಿದ್ದರು. ಗೃಹಲಕ್ಷ್ಮಿ, ಶಕ್ತಿ, ಅನ್ನಭಾಗ್ಯಗಳ ಹಣದ ಹೊಂದಾಣಿಕೆ ತೀರ್ಮಾನವಾದದ್ದು ಆ ಖಾಲಿ ತಿಂಗಳುಗಳಲ್ಲಿ. ಈ ಖಾಲಿತನದ ನಷ್ಟ ಮಲ್ಲೇಶ್ವರದ ಪಕ್ಷದ ಕಚೇರಿಗೆ ಮಾತ್ರ ಆಗಲಿಲ್ಲ. ತೆರಿಗೆ ಕಟ್ಟುವ ನಿಮಗೂ ನನಗೂ ಆಯಿತು.

ಮುಂದೆ ನಡೆದದ್ದನ್ನೂ ನೋಡಿ. 2024ರ ಆಗಸ್ಟ್‌ನಲ್ಲಿ ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ನಿವೇಶನಗಳ ವಿಚಾರವಾಗಿ ಬೆಂಗಳೂರಿನಿಂದ ಮೈಸೂರಿಗೆ ಪಾದಯಾತ್ರೆ ಹೊರಟಾಗ ಪಕ್ಷದ ಶಾಸಕರಾದ ಬಸನಗೌಡ ಪಾಟೀಲ ಯತ್ನಾಳ ಮತ್ತು ರಮೇಶ ಜಾರಕಿಹೊಳಿ ಅವರ ಬಣ ಅದರಿಂದ ದೂರ ಉಳಿದು, ಕೂಡಲಸಂಗಮದಿಂದ ಬಳ್ಳಾರಿಗೆ ಬೇರೆಯೇ ಪಾದಯಾತ್ರೆಯ ಮಾತಾಡಿತು. ವಕ್ಫ್ ಹೋರಾಟದಲ್ಲೂ ಎರಡು ದಾರಿ. ಇವನ್ನು ಬಣ ರಾಜಕೀಯ ಎಂದು ಪಕ್ಕಕ್ಕಿಡಬಹುದು. ಆದರೆ 2023ರ ಡಿಸೆಂಬರ್‌ನಲ್ಲಿ ಯತ್ನಾಳರು ಮಾಡಿದ ಆರೋಪವನ್ನು ಹಾಗೆ ಇಡಲಾಗದು. ತಮ್ಮದೇ ಪಕ್ಷದ ಸರ್ಕಾರದ ಅವಧಿಯಲ್ಲಿ ಕೋವಿಡ್ ಹೆಸರಿನಲ್ಲಿ 40,000 ಕೋಟಿ ರೂಪಾಯಿ ಅಕ್ರಮ ನಡೆದಿದೆ ಎಂದು ಅವರು ಬಹಿರಂಗವಾಗಿ ಹೇಳಿದರು. ಅದು ಆರೋಪ, ಸಾಬೀತಾದ ಸಂಗತಿಯಲ್ಲ. ಕೊನೆಗೆ 2025ರ ಮಾರ್ಚ್ 26ರಂದು ಅವರನ್ನು ಆರು ವರ್ಷಗಳ ಕಾಲ ಉಚ್ಚಾಟಿಸಲಾಯಿತು, ಅಶಿಸ್ತಿನ ಕಾರಣಕ್ಕೆ. ಶಿಸ್ತಿನ ಪ್ರಶ್ನೆಗೆ ಶಿಸ್ತು ಸಮಿತಿ ಉತ್ತರ ಕೊಟ್ಟಿತು. ಲೆಕ್ಕದ ಪ್ರಶ್ನೆಗೆ ಯಾರು ಕೊಡಬೇಕಿತ್ತು? ಆ ಪಕ್ಷದಲ್ಲಿ 'ನಮ್ಮ ಕಾಲದ ಖರ್ಚು ಇಷ್ಟು, ಇದು ಅದರ ವಿವರ' ಎಂದು ಎಲ್ಲರ ಪರವಾಗಿ ಹೇಳುವ ಅಧಿಕಾರವನ್ನು ಯಾರಿಗೂ ಕೊಟ್ಟಂತೆ ಕಾಣುವುದಿಲ್ಲ.

ನನ್ನ ಆತಂಕ ಇರುವುದು ಇಲ್ಲಿಯೇ. ಹಣಕಾಸಿನ ವಿಷಯದಲ್ಲಿ ಒಂದು ಸಂಖ್ಯೆ ಹೇಳುವುದೆಂದರೆ ಪಕ್ಷವನ್ನು ಆ ಸಂಖ್ಯೆಗೆ ಕಟ್ಟಿಹಾಕುವುದು. 'ನಾವು ಬಂದರೆ ಗೃಹಲಕ್ಷ್ಮಿಯನ್ನು ಇಷ್ಟಕ್ಕೆ ಇಳಿಸುತ್ತೇವೆ' ಅಥವಾ 'ಹಾಗೆಯೇ ಉಳಿಸಿ, ಹಣವನ್ನು ಇಲ್ಲಿಂದ ತರುತ್ತೇವೆ' ಎನ್ನಲು ನಾಳೆಯೂ ತಾನೇ ಇರುತ್ತೇನೆ ಎಂಬ ಭರವಸೆ ಆ ನಾಯಕನಿಗೆ ಬೇಕು. ಕುರ್ಚಿ ಅಲುಗಾಡುತ್ತಿರುವವನು ಸಂಖ್ಯೆಯ ತಂಟೆಗೆ ಹೋಗುವುದಿಲ್ಲ. ಘೋಷಣೆ ಕೂಗಿ ಸಭಾತ್ಯಾಗ ಮಾಡುತ್ತಾನೆ. ಹಾಗಾಗಿ ನಾಯಕತ್ವದ ಜಗಳವನ್ನೂ ಆರ್ಥಿಕ ನಂಬಿಕೆಯನ್ನೂ ನೀವು ಹೇಳುವಂತೆ ಬೇರೆ ಮಾಡಿ ನೋಡಲು ನನಗೆ ಆಗುತ್ತಿಲ್ಲ.

ಇದರ ಫಲವಾಗಿ ಪಕ್ಷ ಒಂದೇ ಉಸಿರಿನಲ್ಲಿ ಎರಡು ಮಾತಾಡುತ್ತದೆ. ಗ್ಯಾರಂಟಿಗಳಿಂದ ಖಜಾನೆ ಬರಿದಾಗಿದೆ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುತ್ತದೆ. 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಫೆಬ್ರುವರಿ, ಮಾರ್ಚ್ ತಿಂಗಳ ಗೃಹಲಕ್ಷ್ಮಿ ಕಂತು ಎಲ್ಲಿ ಹೋಯಿತೆಂದು ಪಟ್ಟು ಹಿಡಿಯುತ್ತದೆ. ಎರಡನೆಯದು ಒಳ್ಳೆಯ ಕೆಲಸ. ಸಚಿವೆ ವಿಷಾದ ವ್ಯಕ್ತಪಡಿಸಬೇಕಾಯಿತು. ಆದರೆ ಮಹಿಳೆಯರಿಗೆ ತಿಂಗಳಿಗೆ 2,000 ರೂಪಾಯಿ ಕೊಡುವುದು ತಪ್ಪು ಎನ್ನುತ್ತದೋ, ತಡವಾಗಿ ಕೊಡುವುದು ತಪ್ಪು ಎನ್ನುತ್ತದೋ? 2023ರ ಬಿಜೆಪಿ ಪ್ರಣಾಳಿಕೆಯಲ್ಲೂ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲಿನ ಭರವಸೆಗಳಿದ್ದವು. ಮಹಾರಾಷ್ಟ್ರದಲ್ಲಿ ಅದೇ ಪಕ್ಷದ ಮೈತ್ರಿ ಸರ್ಕಾರ 2024ರಲ್ಲಿ ಮಹಿಳೆಯರ ಖಾತೆಗೆ ತಿಂಗಳಿಗೆ 1,500 ರೂಪಾಯಿ ಹಾಕಲು ಆರಂಭಿಸಿತು. ಅಲ್ಲಿ ಸರಿಯಾದದ್ದು ಇಲ್ಲಿ ಏಕೆ ತಪ್ಪು ಎಂಬುದಕ್ಕೆ ಉತ್ತರ ಇರಬಹುದು, ಮೊತ್ತದಲ್ಲಿ, ಫಲಾನುಭವಿಗಳ ಆಯ್ಕೆಯಲ್ಲಿ, ರಾಜ್ಯದ ವರಮಾನದಲ್ಲಿ. ಆ ಉತ್ತರವನ್ನು ಯಾರಾದರೂ ಕುಳಿತು ಬರೆಯಬೇಕು.

2025ರ ಏಪ್ರಿಲ್ 7 ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಹಾಲು, ಡೀಸೆಲ್, ಬಸ್ ಪ್ರಯಾಣ ದರ ಏರಿಕೆಯ ವಿರುದ್ಧ ಬಿಜೆಪಿಯ ಜನಾಕ್ರೋಶ ಯಾತ್ರೆ ಮೈಸೂರಿನಲ್ಲಿ ಶುರುವಾದದ್ದು ಅಂದು. ಜನರ ಸಿಟ್ಟು ನಿಜವಾಗಿತ್ತು. ಅದೇ ದಿನ ಕೇಂದ್ರ ಸರ್ಕಾರ ಅಡುಗೆ ಅನಿಲದ ಸಿಲಿಂಡರಿಗೆ 50 ರೂಪಾಯಿ ಏರಿಸಿತು. ಯಾತ್ರೆಯ ಬಲ ಅರ್ಧ ಕುಸಿದದ್ದು ಅಲ್ಲಿ. ತೆರಿಗೆ ಪಾಲಿನ ಕಥೆಯೂ ಹಾಗೆಯೇ. 15ನೇ ಹಣಕಾಸು ಆಯೋಗದಲ್ಲಿ, ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಎಂದು 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದವರು ನಮ್ಮ ರಾಜ್ಯದಿಂದಲೇ ರಾಜ್ಯಸಭೆಯಲ್ಲಿರುವ ನಿರ್ಮಲಾ ಸೀತಾರಾಮನ್. ಆ ಹಣ ಕೈಗೆ ಬಂದಿಲ್ಲ ಎಂಬುದು ರಾಜ್ಯ ಸರ್ಕಾರದ ದೂರು. ಚಿತ್ರದುರ್ಗದ ರೈತನ ಮುಂದೆ ನಿಂತು ರಾಜ್ಯದ ಹಣಕಾಸಿನ ಬಗ್ಗೆ ಮಾತಾಡುವವರು ಈ ದೂರಿಗೂ ಉತ್ತರ ತಂದಿರಬೇಕು. ದೆಹಲಿಯ ಮನಸ್ಸು ನೋಯದಂತೆ ಮಾತಾಡುವ ಅನಿವಾರ್ಯ ಇರುವ ನಾಯಕರಿಗೆ ಅದು ಕಷ್ಟ. ಅವರ ಸ್ಥಾನ ಉಳಿಯುವುದು ದೆಹಲಿಯಿಂದಲೇ ಅಲ್ಲವೇ?

ಇದೇ ಪಕ್ಷ ಕಾಗದ ಹಿಡಿದು ನಿಂತಾಗ ಏನಾಯಿತು ಎಂಬುದನ್ನೂ ಹೇಳಬೇಕು. ವಾಲ್ಮೀಕಿ ಅಭಿವೃದ್ಧಿ ನಿಗಮದ ಖಾತೆಯಿಂದ 187 ಕೋಟಿ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣದಲ್ಲಿ ಖಚಿತ ಮೊತ್ತವಿತ್ತು, ಖಾತೆಗಳಿದ್ದವು. ವಿರೋಧ ಪಕ್ಷ ಬಿಡಲಿಲ್ಲ. 2024ರ ಜೂನ್‌ನಲ್ಲಿ ಸಚಿವ ಬಿ. ನಾಗೇಂದ್ರ ರಾಜೀನಾಮೆ ಕೊಟ್ಟರು. ಹಿಂದೆ ಕಾಂಗ್ರೆಸ್ ವಿರೋಧ ಪಕ್ಷದಲ್ಲಿದ್ದಾಗಲೂ ಒಳಜಗಳ ಕಡಿಮೆಯೇನೂ ಇರಲಿಲ್ಲ. ಮೂಲದವರು, ವಲಸಿಗರು ಎಂಬ ಕಿತ್ತಾಟ ನಿಮಗೆ ನೆನಪಿರಬಹುದು. ಆದರೂ 2010ರಲ್ಲಿ ಗಣಿ ಅಕ್ರಮದ ವಿರುದ್ಧ ಬಳ್ಳಾರಿಗೆ ಪಾದಯಾತ್ರೆ ಹೊರಟ ವಿರೋಧ ಪಕ್ಷದ ನಾಯಕ ಸಿದ್ದರಾಮಯ್ಯ ಅದಾಗಲೇ ಏಳು ಬಜೆಟ್ ಮಂಡಿಸಿದ್ದವರು. ಖಜಾನೆಗೆ ಆದ ನಷ್ಟದ ಬಗ್ಗೆ ಅವರು ಮಾತಾಡಿದರೆ ಜನ ಕಿವಿಗೊಟ್ಟರು.

ಬ್ರಿಟನ್ನಿನ ಲೇಬರ್ ಪಕ್ಷದ ಅನುಭವ ಇನ್ನೂ ಸ್ಪಷ್ಟ. 1997ರ ಚುನಾವಣೆಗೆ ಮುನ್ನ ಟೋನಿ ಬ್ಲೇರ್ ಮತ್ತು ಗಾರ್ಡನ್ ಬ್ರೌನ್ ನಡುವೆ ನಾಯಕತ್ವದ ಮುಸುಕಿನ ಗುದ್ದಾಟ ಇದ್ದೇ ಇತ್ತು. ಆದರೆ ಹಣಕಾಸಿನ ಮಾತು ಬ್ರೌನ್ ಅವರದೇ ಎಂಬುದರಲ್ಲಿ ಯಾರಿಗೂ ಗೊಂದಲವಿರಲಿಲ್ಲ. ಮೊದಲ ಎರಡು ವರ್ಷ ಕನ್ಸರ್ವೇಟಿವ್ ಸರ್ಕಾರ ಹಾಕಿದ ವೆಚ್ಚದ ಮಿತಿಯನ್ನೇ ಪಾಲಿಸುತ್ತೇವೆ ಎಂದು ಅವರು ಮಾತು ಕೊಟ್ಟರು. ಸ್ವಪಕ್ಷೀಯರಿಗೆ ಹಿಡಿಸದ ಮಾತು ಅದು. ಪಕ್ಷ ಭಾರಿ ಬಹುಮತದಿಂದ ಗೆದ್ದಿತು. ಅದೇ ಪಕ್ಷದ ನಾಯಕ ಎಡ್ ಮಿಲಿಬ್ಯಾಂಡ್ 2014ರ ಸಮ್ಮೇಳನದಲ್ಲಿ ಬಜೆಟ್ ಕೊರತೆಯ ಕುರಿತ ಭಾಗವನ್ನೇ ಹೇಳಲು ಮರೆತರು. ಮರುವರ್ಷ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಎದುರಾಳಿಗಳು ಆ ಮರೆವನ್ನು ಬಿಡದೆ ಬಳಸಿಕೊಂಡರು.

ಆಡಳಿತ ಪಕ್ಷವನ್ನು ನಾವು ಬಿಟ್ಟಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಉಪಯೋಜನೆಯ ಹಣವನ್ನು ಗ್ಯಾರಂಟಿಗಳಿಗೆ ಬಳಸಿದ್ದು ಅನ್ಯಾಯವೆಂದು ನಾನು ಈಗಲೂ ನಂಬುತ್ತೇನೆ. 2013ರಲ್ಲಿ ಆ ಉಪಯೋಜನೆಗೆ ಕಾಯ್ದೆ ತಂದದ್ದೂ ಸಿದ್ದರಾಮಯ್ಯನವರ ಸರ್ಕಾರವೇ. ಅಲ್ಲಿನ ಕುರ್ಚಿ ಜಗಳವೂ 2025ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ, ಉಪಮುಖ್ಯಮಂತ್ರಿಗಳ ಉಪಾಹಾರದ ಮೇಜಿನವರೆಗೆ ಬಂದಿತ್ತು. ಗಟ್ಟಿಯಾದ ವಿರೋಧ ಪಕ್ಷವಿದ್ದಿದ್ದರೆ ಆ ವಾರಗಳಲ್ಲಿ ಆಡಳಿತ ನಿಂತುಹೋದದ್ದಕ್ಕೆ ದಿನದಿನವೂ ಲೆಕ್ಕ ಕೇಳುತ್ತಿತ್ತು.

ನಾನು ಬಿಜೆಪಿಯಿಂದ ಬಯಸುವುದು ದೊಡ್ಡದೇನಲ್ಲ. ಅಧ್ಯಕ್ಷರು ಯಾರೇ ಇರಲಿ, ಹಣಕಾಸಿನ ಬಗ್ಗೆ ಪಕ್ಷದ ಪರ ಮಾತಾಡುವ ಒಬ್ಬರನ್ನು ಹೆಸರಿಸಲಿ. ಬಜೆಟ್ ಅಧಿವೇಶನಕ್ಕೆ ಮುನ್ನ ಹತ್ತು ಪುಟದ ಪರ್ಯಾಯ ಲೆಕ್ಕವನ್ನು ಮುದ್ರಿಸಿ ಹಂಚಲಿ. ಅದರಲ್ಲಿ ಐದು ಗ್ಯಾರಂಟಿಗಳ ಬಗ್ಗೆ ಪ್ರತ್ಯೇಕ ನಿಲುವಿರಲಿ, ಕೇಂದ್ರದಿಂದ ಬರಬೇಕಾದದ್ದರ ಪಟ್ಟಿಯೂ ಇರಲಿ.

ನಿಮ್ಮ ಕ್ಷೇತ್ರದ ಶಾಸಕರು ಅದೇ ಪಕ್ಷದವರು. ನಮಗೆ ಬರೆದಷ್ಟೇ ಶ್ರದ್ಧೆಯಿಂದ ಅವರಿಗೂ ಬರೆಯಿರಿ: ಯಾವ ಗ್ಯಾರಂಟಿಯನ್ನು ಉಳಿಸುತ್ತೀರಿ, ಯಾವುದನ್ನು ಬಿಡುತ್ತೀರಿ, ಸಾಲವನ್ನು ಎಷ್ಟಕ್ಕೆ ನಿಲ್ಲಿಸುತ್ತೀರಿ ಎಂದು ಕೇಳಿ. ಉತ್ತರ ಬಂದರೆ ನಮಗೆ ಕಳುಹಿಸಿಕೊಡಿ. ಒಂದು ಸಾಲನ್ನೂ ಬಿಡದೆ ಪ್ರಕಟಿಸುತ್ತೇವೆ.

– ಸಂಪಾದಕ