ಅಪ್ಪನ ಅಂಗಿಯಲ್ಲಿ ಬಂದ ಸೀಸ

ಅಪ್ಪನ ಕೆಲಸದ ಬಟ್ಟೆಯಲ್ಲಿ ಸೀಸ (ಲೆಡ್) ಮನೆಗೆ ಬರುವ ಕುಟುಂಬಗಳು ಸಲಹೆಗೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತವೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತಿನ ವಿವರ ಬದಲಿಸಿದ್ದೇನೆ.

ದಾವಣಗೆರೆಯ ದಂಪತಿ. ಗಂಡ ಹಳೇ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುತ್ತಾರೆ. ಐದು ತಿಂಗಳ ಬಸುರಿ ಹೆಂಡತಿ ಅದೇ ಅಂಗಡಿಯಲ್ಲಿ ಬಿಲ್ ಬರೆಯುತ್ತಾರೆ. ಮೂರು ವರ್ಷದ ಮಗನಿಗೆ ಇನ್ನೂ ಸರಿಯಾಗಿ ಮಾತು ಬಂದಿಲ್ಲ. "ಮೊಬೈಲ್ ಕೊಟ್ಟು ಕೂರಿಸ್ತಾಳೆ" ಅಂತ ಎಲ್ಲರೂ ಆಕೆಯನ್ನೇ ಬೈಯುತ್ತಿದ್ದರು.

ಅತ್ತೆಯನ್ನೂ ಕರೆಸಿದೆ. ಬ್ಯಾಟರಿಯೊಳಗಿನ ಸೀಸ ವಿಷ, ಅದರ ಪುಡಿ ಬಟ್ಟೆ, ಕೂದಲಲ್ಲಿ ಮನೆಗೆ ಬರುತ್ತೆ, ಮಾಸು (ಪ್ಲಾಸೆಂಟಾ) ದಾಟಿ ಹೊಟ್ಟೆಯಲ್ಲಿರೋ ಮಗುವಿನ ಮೆದುಳಿಗೂ ಹೋಗುತ್ತೆ ಅಂದೆ. ತಾಯಿಯ ಮೂಳೆಯಲ್ಲಿ ವರ್ಷಗಟ್ಟಲೆ ಕೂತಿದ್ದ ಸೀಸವೂ ಬಸುರಿನಲ್ಲಿ ರಕ್ತಕ್ಕೆ ಇಳಿಯುತ್ತೆ ಅಂದೆ. ಗಂಡ, "ಕೈ ತೊಳ್ಕೊಂಡೇ ಬರ್ತೀನ್ರೀ" ಅಂದರು. ಹೆಂಡತಿ ಮೆಲ್ಲಗೆ, "ಬಂದ ತಕ್ಷಣ ಅದೇ ಅಂಗೀಲಿ ಮಗೂನ ಎತ್ಕೊಳ್ತಾರೆ" ಅಂದರು.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಗ್ರಹಣದ ದಿನ ಈಳಿಗೆ ಮುಟ್ಟಾಕೂ ಬಿಟ್ಟಿಲ್ಲ ನಾನು. ಇದು ದಿನಾ ಮನೀಗೆ ಬರ್ತಿತ್ತಾ?" ಅಂದರು. ಆಮೇಲೆ ಅವರು ಸೊಸೆಯನ್ನು ಬೈಯಲಿಲ್ಲ. ಆ ಕಾಳಜಿಯನ್ನೇ ಹಿಡಿದುಕೊಂಡು ನಾನು ಮುಂದಿನ ಮಾತು ಆಡಿದೆ.

ಗಂಡನಿಗೆ: ಅಂಗಡಿಯಲ್ಲೇ ಸ್ನಾನ, ಬಟ್ಟೆ ಬದಲಾವಣೆ. ಕೆಲಸದ ಬಟ್ಟೆ ಬೇರೆ ಒಗೆಯಬೇಕು, ಒಗೆಯುವುದು ಆಕೆಯಲ್ಲ. ಆಕೆ ಬಿಲ್ ಕೆಲಸವನ್ನು ಮನೆಯಲ್ಲೇ ಮಾಡುವಂತೆ ಮಾಲೀಕರ ಹತ್ತಿರ ಅವರೇ ಮಾತಾಡಬೇಕು. ಮನೆಯಲ್ಲಿ ಒಣ ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿಯಾದರೆ ದೇಹ ಸೀಸವನ್ನು ಜಾಸ್ತಿ ಹೀರುತ್ತೆ, ಹಾಗಾಗಿ ಮಾತ್ರೆ, ರಾಗಿ, ಹಾಲು ತಪ್ಪಬಾರದು. ಗಂಡ, ಹೆಂಡತಿ, ಮಗ ಮೂವರಿಗೂ ರಕ್ತದ ಸೀಸ ಪರೀಕ್ಷೆ. 100 ಮಿಲಿಲೀಟರ್ ರಕ್ತಕ್ಕೆ, ಅಂದರೆ ಒಂದು ಡೆಸಿಲೀಟರ್‌ಗೆ 5 ಮೈಕ್ರೊಗ್ರಾಂ ಮುಟ್ಟಿದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅದಕ್ಕಿಂತ ಕಮ್ಮಿ ಇದ್ದರೆ ಅಪಾಯವಿಲ್ಲ ಅಂತಲ್ಲ.

ಮಗನ ಮಾತಿಗೆ ಸೀಸವೇ ಕಾರಣ ಅಂತ ನಾನು ಹೇಳಲಿಲ್ಲ. ಮಾತು ತಡವಾಗಲು ಕಾರಣ ಹಲವು. ಮೊದಲು ಕಿವಿ ಪರೀಕ್ಷೆ, ಆಮೇಲೆ ಮಾತಿನ ತರಬೇತಿಗೆ ಕಳಿಸಿದೆ.

ಬಸುರಿಯನ್ನು ಹೆದರಿಸಬಾರದಿತ್ತು ಅಂತ ಜೊತೆಯವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲ್ಲ. ಆಕೆ ಮೊದಲೇ ಹೆದರಿದ್ದರು, ಅದೂ ಒಬ್ಬರೇ. ವಿಷಯ ಎಲ್ಲರ ಮುಂದೆ ಬಂದಾಗ ಮನೆಯವರೂ ಕೈಜೋಡಿಸಿದರು. ಆಶಾ ಕಾರ್ಯಕರ್ತೆಯರಿಗೂ ನರ್ಸ್‌ಗಳಿಗೂ ನನ್ನದೊಂದು ಕೋರಿಕೆ: ತಾಯಿ ಕಾರ್ಡ್ ತುಂಬುವಾಗ ಗಂಡ ಏನು ಕೆಲಸ ಮಾಡುತ್ತಾರೆ, ಯಾವ ಬಟ್ಟೆಯಲ್ಲಿ ಮನೆಗೆ ಬರುತ್ತಾರೆ ಅಂತಲೂ ಕೇಳಿ.