30 ಲಕ್ಷದ ಪ್ರತಿಷ್ಠಾನದಿಂದ ಏನಾದರೂ ಆಗುತ್ತದಾ?

ನೀವು ಕೇಳಿದ್ದು ಇಷ್ಟು: ಅಪ್ಪ ತೀರಿಕೊಂಡು ಒಂದು ವರ್ಷ ಆಯಿತು, ಅವರ ಹೆಸರಲ್ಲಿ ಮಂಗಳೂರಿನಲ್ಲಿ ಒಂದು ಪ್ರತಿಷ್ಠಾನ ಮಾಡಬೇಕು ಅಂತ ಮಕ್ಕಳೆಲ್ಲ ಸೇರಿ ಯೋಚಿಸಿದ್ದೀರಿ, ಸುಮಾರು 30 ಲಕ್ಷ ಇಡಬಹುದು. ಆದರೆ ಕಲೆ, ವಿಜ್ಞಾನ, ಸಮಾಜಸೇವೆ ಅಂತ ಬೋರ್ಡು ಹಾಕಿಕೊಂಡ ಟ್ರಸ್ಟುಗಳು ಊರು ತುಂಬ ಇವೆ, ಇವುಗಳಿಂದ ನಿಜಕ್ಕೂ ಏನಾದರೂ ಆಗಿದೆಯಾ ಅಂತ ನಿಮಗೆ ಅನುಮಾನ.

ಆಗಿದೆ. ತುಂಬಾ ಆಗಿದೆ. ಆದರೆ ಎಲ್ಲ ಕಡೆ ಅಲ್ಲ.

ನಾನು ಉಡುಪಿಯ ಒಂದು ಆಡಿಟರ್ ಆಫೀಸಿನಲ್ಲಿ 22 ವರ್ಷದಿಂದ ಲೆಕ್ಕ ನೋಡುತ್ತಿದ್ದೇನೆ. ಸಣ್ಣದು, ದೊಡ್ಡದು ಅಂತ ಎಷ್ಟೋ ಟ್ರಸ್ಟುಗಳ ವೋಚರುಗಳು ನನ್ನ ಕೈ ದಾಟಿ ಹೋಗಿವೆ. ವಾರ್ಷಿಕ ವರದಿಯಲ್ಲಿ ಏನೇ ಬರೆದಿರಲಿ, ವೋಚರ್ ಫೈಲು ತೆರೆದರೆ ಟ್ರಸ್ಟಿನ ಮನಸ್ಸು ಗೊತ್ತಾಗುತ್ತದೆ. ದುಡ್ಡು ಹಾಲ್ ಬಾಡಿಗೆಗೆ, ಶಾಮಿಯಾನಕ್ಕೆ, ಶಾಲು ಹಾರಕ್ಕೆ ಹೋಗಿದೆಯಾ? ಅಥವಾ ಒಬ್ಬರು ಕೂತು ಕೆಲಸ ಮಾಡಲು ತಿಂಗಳು ತಿಂಗಳು ಸಂಬಳವಾಗಿ ಹೋಗಿದೆಯಾ? ನಾನು ಮೊದಲು ನೋಡುವುದು ಅದನ್ನೇ.

ನಮ್ಮ ಊರಿನದೇ ಉದಾಹರಣೆ ಹೇಳುತ್ತೇನೆ. ಉಡುಪಿಯ ಎಂಜಿಎಂ ಕಾಲೇಜಿನಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಇದೆ. ತುಳು ನಿಘಂಟಿನ ಕೆಲಸ ಅಲ್ಲಿ 1979ರಲ್ಲಿ ಶುರುವಾಯಿತು. ಡಾ. ಯು.ಪಿ. ಉಪಾಧ್ಯಾಯರು ಪ್ರಧಾನ ಸಂಪಾದಕರು. ಮೊದಲ ಸಂಪುಟ ಬಂದದ್ದು 1988ರಲ್ಲಿ. ಆರನೆಯ, ಕೊನೆಯ ಸಂಪುಟ 1997ರಲ್ಲಿ. ಲೆಕ್ಕ ಹಾಕಿ ನೋಡಿ: ಮೊದಲ ಒಂಬತ್ತು ವರ್ಷ ಜನರ ಕೈಗೆ ಕೊಡಲು ಒಂದು ಸಂಪುಟವೂ ಇರಲಿಲ್ಲ. ಊರೂರಿನ ಮಾತು ಕೇಳಿ, ತುಳುವಿನ ಜನಪದ ಹಾಡುಗಳಾದ ಪಾಡ್ದನಗಳಿಂದ ಶಬ್ದ ಹೆಕ್ಕಿ, ಒಂದೊಂದಕ್ಕೂ ಅರ್ಥ, ಪ್ರಯೋಗ ಬರೆದು, ಅಕ್ಷರದ ಕ್ರಮಕ್ಕೆ ಜೋಡಿಸುವ ಕೆಲಸ ಅದು. ಯಾವ ವರ್ಷದ ಕೊನೆಗೂ ರಿಬ್ಬನ್ ಕತ್ತರಿಸಲು ಏನೂ ಸಿಗುವುದಿಲ್ಲ. ಸರ್ಕಾರದ ನೆರವು ಬಂತು, ಸರಿ. ಜೊತೆಗೆ ಆ ಕಾಲೇಜನ್ನು ನಡೆಸುವ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್‌ನ ಆಸರೆಯೂ ಇತ್ತು. ಡಾ. ಟಿ.ಎಂ.ಎ. ಪೈ ಅವರು 1942ರಲ್ಲಿ ಕಟ್ಟಿದ ಸಂಸ್ಥೆ ಅದು. ಹದಿನೆಂಟು ವರ್ಷ ಒಂದು ಭಾಷೆಯ ಕೆಲಸ ನಿಲ್ಲದೆ ನಡೆಯಬೇಕಾದರೆ ಹಿಂದೆ ಇಂಥ ಒಂದು ಗಟ್ಟಿ ನೆಲೆ ಬೇಕು. ಇವತ್ತು ತುಳುವಿನಲ್ಲಿ ಯಾರು ಏನು ಬರೆಯಲು ಕೂತರೂ ಆ ಆರು ಸಂಪುಟಗಳ ಕಡೆ ಕೈ ಹೋಗುತ್ತದೆ.

ಮಂಗಳೂರಿನಲ್ಲಿ ಇದಕ್ಕೂ ಹಳೆಯ ಉದಾಹರಣೆ ಇದೆ. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಕಿಟೆಲ್ ಕನ್ನಡ ನಾಡಿಗೆ ಬಂದದ್ದು 1853ರಲ್ಲಿ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ. ಸುಮಾರು 70,000 ಶಬ್ದ. ಬಾಸೆಲ್ ಮಿಷನ್‌ಗೆ ಬಲ ಕೊಟ್ಟದ್ದು ಸ್ವಿಟ್ಜರ್ಲೆಂಡ್, ಜರ್ಮನಿಯ ಸಾಮಾನ್ಯ ಮನೆಗಳಿಂದ ಕೂಡಿದ ದೇಣಿಗೆ. ಕೊಟ್ಟವರ ಮನಸ್ಸಿನಲ್ಲಿ ಇದ್ದದ್ದು ಧರ್ಮಪ್ರಚಾರ, ನಿಜ. ಆದರೆ ಕನ್ನಡಕ್ಕೆ ಉಳಿದದ್ದು ನಿಘಂಟು.

ನಾನು ಇದನ್ನು ಕಾಯುವ ದುಡ್ಡು ಅನ್ನುತ್ತೇನೆ. ವ್ಯಾಪಾರದ ದುಡ್ಡಿಗೆ ಲಾಭದ ಅವಸರ. ಸರ್ಕಾರದ ದುಡ್ಡಿಗೆ ಮಾರ್ಚ್ 31ರ ಅವಸರ. ಕಂಪನಿಗಳ ಸಿಎಸ್‌ಆರ್ ದುಡ್ಡಿನದೂ ಹೆಚ್ಚುಕಡಿಮೆ ಅದೇ ಕಥೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2ರಷ್ಟು ಸಮಾಜಕ್ಕೆ ಕೊಡಬೇಕು. ಶಾಲೆಗೆ ಶೌಚಾಲಯ, ಆಸ್ಪತ್ರೆಗೆ ಯಂತ್ರ, ಇಂಥವಕ್ಕೆ ಅದು ಚೆನ್ನಾಗಿ ಒದಗುತ್ತದೆ. ಹದಿನೆಂಟು ವರ್ಷದ ನಿಘಂಟಿಗೆ ಒದಗುವುದು ಕಷ್ಟ. ಅವಸರ ಇಲ್ಲದ ದುಡ್ಡು ಅಂತ ಇದ್ದರೆ ಅದು ಒಳ್ಳೆಯ ಪ್ರತಿಷ್ಠಾನದ ಬಳಿ ಮಾತ್ರ.

ವಿಜ್ಞಾನದಲ್ಲೂ ಹಾಗೇ. 1944ರ ಮಾರ್ಚ್‌ನಲ್ಲಿ ಹೋಮಿ ಭಾಭಾ ಅವರು ಸರ್ ದೊರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಮೂಲಭೂತ ಭೌತವಿಜ್ಞಾನದ ಸಂಶೋಧನೆಗೆ ಒಂದು ಶಾಲೆ ಬೇಕು ಅಂತ. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ಅದರಿಂದ ನಾಳೆ ಏನು ಸಿಗುತ್ತದೆ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಟ್ರಸ್ಟು ಒಪ್ಪಿತು. 1945ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್ ಶುರುವಾಯಿತು. ಆಮೇಲೆ ಅದನ್ನು ಬೆಳೆಸಿದ್ದು ಸರ್ಕಾರದ ದುಡ್ಡು. ಇದನ್ನು ನೀವು ಗಮನಿಸಬೇಕು. ಟ್ರಸ್ಟು ಸರ್ಕಾರದ ಜಾಗ ತುಂಬಲಾರದು. ಯಾರೂ ಮುಟ್ಟದ ಕೆಲಸವನ್ನು ಧೈರ್ಯ ಮಾಡಿ ಶುರು ಮಾಡಬಹುದು, ಅಷ್ಟೆ. ಆ ಅಷ್ಟೇ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಅದರ ಕನಸು ಕಂಡ ಜಮ್‌ಶೆಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡರು, ಸಂಸ್ಥೆ ಹುಟ್ಟಿದ್ದು 1909ರಲ್ಲಿ. ಅದು ನಿಲ್ಲಲು 371 ಎಕರೆ ಜಾಗ ಕೊಟ್ಟದ್ದು ಮೈಸೂರು ಸಂಸ್ಥಾನ. ನಮ್ಮ ಉಡುಪಿಯ ಅದಮಾರು ಮಠದ ಶಿಕ್ಷಣ ಸಂಸ್ಥೆ ಕೂಡ ಬೆಂಗಳೂರಿನ ಹತ್ತಿರ ಪೂರ್ಣಪ್ರಜ್ಞ ವೈಜ್ಞಾನಿಕ ಸಂಶೋಧನಾ ಸಂಸ್ಥೆ ನಡೆಸುತ್ತಿದೆ. ಮಠದವರು ಭೌತವಿಜ್ಞಾನದ ಲ್ಯಾಬಿಗೆ ದುಡ್ಡು ಹಾಕುವುದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಸಮಾಜದ ವಿಷಯಕ್ಕೆ ನಮ್ಮ ಜಿಲ್ಲೆಗಳಲ್ಲಿ ಹೇಳಿದಷ್ಟೂ ಮುಗಿಯುವುದಿಲ್ಲ. ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ಶುರು ಮಾಡಿದ್ದು 1891ರಲ್ಲಿ, ಬ್ಯಾಂಕ್ ಕಟ್ಟಿದ್ದು 1906ರಲ್ಲಿ. ಮೊದಲು ಶಾಲೆ, ಆಮೇಲೆ ಬ್ಯಾಂಕು. ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಕೂತ ಜಾಗ ಇವತ್ತು ದೊಡ್ಡ ಆಸ್ಪತ್ರೆ. ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಶಾಲೆ ತೆರೆದಾಗ ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ಅವರು ಕಟ್ಟಿದ ಸಂಸ್ಥೆ ನಿಂತಿತು. ಸಮಾಜ ಇನ್ನೂ ಒಪ್ಪದ ಕೆಲಸಕ್ಕೆ ದುಡ್ಡು ಮತ್ತು ಜನ ಕೂಡಿಸುವುದು, ಅದೂ ಇಂಥ ಸಂಸ್ಥೆಗಳಿಂದಲೇ ಆಗುವುದು.

ಈಗಿನದು ಬೇಕಾದರೆ ಯಕ್ಷಗಾನ ನೋಡಿ. ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲ ಪೂರ್ತಿ ಹೆಚ್ಚಿನ ಕಲಾವಿದರಿಗೆ ಮೇಳದ ಸಂಬಳ ಇಲ್ಲ. ತಿರುಗಾಟದ ದಿನಗಳಲ್ಲಿ ರಾತ್ರಿ ಆಟ ಮುಗಿಸಿ, ಬಣ್ಣ ತೆಗೆದು, ನಿದ್ದೆಗಣ್ಣಿನಲ್ಲಿ ಬೈಕ್ ಹತ್ತಿ ಮನೆಗೆ ಹೊರಡುತ್ತಾರೆ. ದಾರಿಯಲ್ಲಿ ಏನಾದರೂ ಆದರೆ ಮನೆಯವರ ಗತಿ ಏನು? ಪಟ್ಲ ಸತೀಶ್ ಶೆಟ್ಟರು 2015ರಲ್ಲಿ ಶುರು ಮಾಡಿದ ಯಕ್ಷಧ್ರುವ ಪಟ್ಲ ಫೌಂಡೇಶನ್ ಕಲಾವಿದರಿಗೆ ಅಪಘಾತ ವಿಮೆ, ಮನೆ ಕಟ್ಟಲು ನೆರವು ಅಂತ ಕೈ ಹಾಕಿದ್ದು ಈ ಜಾಗಕ್ಕೆ. ಉಡುಪಿಯ ಯಕ್ಷಗಾನ ಕಲಾರಂಗ 1975ರಿಂದ ಇದೆ. ಕಲಾವಿದರ ಕ್ಷೇಮ ನೋಡುತ್ತಲೇ ಅವರು ವಿದ್ಯಾಪೋಷಕ್ ಅಂತ ಬಡ ವಿದ್ಯಾರ್ಥಿಗಳ ಓದಿಗೂ ನೆರವು ಶುರು ಮಾಡಿದರು. ಅರ್ಜಿ ಓದಿ ಚೆಕ್ ಬರೆಯುವುದಲ್ಲ, ಮಗುವಿನ ಮನೆಗೆ ಹೋಗಿ ನೋಡಿಕೊಂಡು ಬರುತ್ತಾರೆ. ಕರೆಂಟು ಇದೆಯಾ, ಮಾಡು ಸೋರುತ್ತದಾ, ಓದಲು ಜಾಗ ಇದೆಯಾ ಅಂತ ಕಣ್ಣಾರೆ ಕಂಡವರು ಕೊಡುವ ದುಡ್ಡೇ ಬೇರೆ. ಕಲೆಗೆ ಅಂತ ಸೇರಿದವರು ಓದಿಗೂ ಮನೆಗೂ ಬಂದರು. ಕಲೆ ಒಂದು ಕಡೆ, ಸಮಾಜ ಇನ್ನೊಂದು ಕಡೆ ಅಂತ ಟ್ರಸ್ಟ್ ಡೀಡಿನಲ್ಲಿ ಮಾತ್ರ ಬೇರೆ ಇರುತ್ತದೆ ಅಲ್ವಾ.

ಈಗ ಕೆಟ್ಟದ್ದೂ ಹೇಳಲೇಬೇಕು. ಹೆಸರು ಹೇಳುವುದಿಲ್ಲ, ಒಂದು ಟ್ರಸ್ಟು. ಅದನ್ನು ಕಟ್ಟಿದ ಹಿರಿಯರು ಹತ್ತಾರು ವರ್ಷ ಊರೂರು ಸುತ್ತಿ ತಾಳಮದ್ದಳೆಗಳನ್ನು, ಅಂದರೆ ವೇಷ ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಒಂದು ಜುಲೈಯಲ್ಲಿ ಆಡಿಟ್‌ಗೆ ಅಂತ ಅಲ್ಲಿಗೆ ಹೋಗಿದ್ದೆ. ಆಸ್ತಿಪಟ್ಟಿಯಲ್ಲಿ ‘ಧ್ವನಿಮುದ್ರಿಕೆ ಸಂಗ್ರಹ, 1 ಕಪಾಟು’ ಅಂತ ಇತ್ತು. ಆ ಹಿರಿಯರು ಆಗಲೇ ತೀರಿಕೊಂಡಿದ್ದರು. ಅವರ ಹೆಂಡತಿ ಬಂದು ಕಪಾಟಿನ ಬಾಗಿಲು ತೆರೆದರು. ಒಳಗೆ 40 ವಾಟಿನ ಒಂದು ಬಲ್ಬು ಉರಿಯುತ್ತಿತ್ತು. ತೇವ ಹಿಡಿಯಬಾರದು ಅಂತ ಮಳೆಗಾಲ ಪೂರ್ತಿ ಹಗಲೂ ರಾತ್ರಿ ಉರಿಸುತ್ತಿದ್ದರು. ಆದರೂ ಕೆಳಗಿನ ಸಾಲಿನ ಟೇಪುಗಳ ಅಂಚಿಗೆ ಬಿಳಿ ಬೂಷ್ಟು ಕೂತಿತ್ತು. ಆ ಅಮ್ಮ ಸೀರೆಯ ಸೆರಗಿನಿಂದ ಒಂದು ಕ್ಯಾಸೆಟ್ಟು ಒರೆಸಿ, ಅದರ ಮೇಲಿನ ಅಕ್ಷರ ಓದಿ, ಹಾಗೇ ಇದ್ದ ಜಾಗಕ್ಕೆ ಇಟ್ಟರು. ಅದೇ ವರ್ಷದ ಖರ್ಚಿನಲ್ಲಿ ಪ್ರಶಸ್ತಿ ಸಮಾರಂಭಕ್ಕೆ ಒಂದು ಲಕ್ಷದ ಹತ್ತಿರ ಹೋಗಿತ್ತು. ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಲು ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ, ತಿಂಗಳಿಗೆ ಆರು ಸಾವಿರ ಸಾಕು ಅಂತ ಅಮ್ಮ ಎರಡು ಸಲ ಸಭೆಯಲ್ಲಿ ಕೇಳಿದ್ದರಂತೆ. ಎರಡು ಸಲವೂ ‘ಮುಂದಿನ ವರ್ಷ ನೋಡೋಣ’ ಅಂತ ನಡಾವಳಿ ಪುಸ್ತಕದಲ್ಲಿ ಬರೆದಿತ್ತು. ಆ ಪುಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಆ ಕಪಾಟಿನಲ್ಲಿ ಇದ್ದ ದನಿಗಳಲ್ಲಿ ಎಷ್ಟೋ ಜನ ಈಗ ಬದುಕಿಲ್ಲ. ಇನ್ನೊಮ್ಮೆ ರೆಕಾರ್ಡ್ ಮಾಡಲು ಆಗುವುದಿಲ್ಲ.

ಅದಕ್ಕೇ ನಿಮ್ಮ 30 ಲಕ್ಷದ ಬಗ್ಗೆ ನನಗೆ ಇಷ್ಟು ಕಾಳಜಿ.

ಲೆಕ್ಕ ಹಾಕೋಣ. ಬ್ಯಾಂಕಿನಲ್ಲಿ ನೂರಕ್ಕೆ 7 ಬಡ್ಡಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 2,10,000. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಟ್ರಸ್ಟು ಆದಾಯದಲ್ಲಿ ನೂರಕ್ಕೆ 85ರಷ್ಟನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಉಳಿದ 15ನ್ನು ಮೂಲಧನಕ್ಕೆ ಸೇರಿಸುತ್ತಾ ಹೋಗಿ. ಖರ್ಚಿಗೆ ಸಿಗುವುದು 1,78,500. ತಿಂಗಳಿಗೆ 15 ಸಾವಿರದ ಹತ್ತಿರ. ಇದು ಒಬ್ಬ ಮನುಷ್ಯನ ಅರ್ಧ ದಿನದ ಕೆಲಸದ ಸಂಬಳ. ಕಡಿಮೆ ಅನ್ನಿಸಬಹುದು. ಆದರೆ ಆ ಕಪಾಟನ್ನು ಉಳಿಸಲು ಇದರ ಅರ್ಧ ಸಾಕಿತ್ತು.

ಬಡ್ಡಿಯನ್ನು ಪೂರ್ತಿ ಖರ್ಚು ಮಾಡಿದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಒಂದು ಶಾಲೆಯ ಲೆಕ್ಕದಲ್ಲಿ 1978ರ ಒಂದು ದತ್ತಿ ಇದೆ. ಹತ್ತನೇ ತರಗತಿಯಲ್ಲಿ ಕನ್ನಡಕ್ಕೆ ಹೆಚ್ಚು ಅಂಕ ತೆಗೆದ ಮಗುವಿಗೆ ಬಹುಮಾನ. ಇಟ್ಟದ್ದು 500 ರೂಪಾಯಿ. ಆ ಕಾಲಕ್ಕೆ ಅದು ಒಬ್ಬ ಮೇಷ್ಟ್ರು ಸಂಬಳದಲ್ಲಿ ಉಳಿಸಿ ಕೊಟ್ಟ ದೊಡ್ಡ ದುಡ್ಡು. ಈಗ ವರ್ಷದ ಬಡ್ಡಿ 35 ರೂಪಾಯಿ. ಅದರಲ್ಲಿ ಒಂದು ಪೆನ್ನು ತರುತ್ತಾರೆ. ಕೊಟ್ಟವರ ತಾಯಿಯ ಹೆಸರನ್ನು ವೇದಿಕೆಯಲ್ಲಿ ಪೂರ್ತಿ ಓದುತ್ತಾರೆ, ಆಮೇಲೆ ಆ ಪೆನ್ನು. ಮೂಲಧನ ಬೆಳೆಯದಿದ್ದರೆ ನಿಮ್ಮ 30 ಲಕ್ಷವೂ ಒಂದು ದಿನ ಆ ಪೆನ್ನಿನ ಹತ್ತಿರ ಬಂದು ನಿಲ್ಲುತ್ತದೆ.

ತೆರಿಗೆ ಉಳಿಸಲು ಟ್ರಸ್ಟು ಮಾಡುತ್ತಾರೆ ಅನ್ನುವ ಮಾತೂ ಇದೆ. ಅಂಥವರು ಇದ್ದಾರೆ. ಆದರೆ ದೇಣಿಗೆಗೆ ತೆರಿಗೆ ಕಡಿತ ಕೊಡಿಸುವ ನೋಂದಣಿ (80ಜಿ ಅಂತ ಜನ ಕರೆಯುವುದು) ಇರುವ ಸಾಮಾನ್ಯ ಟ್ರಸ್ಟಿಗೆ ಕೊಟ್ಟರೆ ಕೊಟ್ಟದ್ದರಲ್ಲಿ ಅರ್ಧಕ್ಕೆ ಮಾತ್ರ ಕಡಿತ ಸಿಗುವುದು, ಅದಕ್ಕೂ ಮಿತಿ ಇದೆ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಅದೂ ಇಲ್ಲ. ತೆರಿಗೆಯೊಂದನ್ನೇ ನೋಡಿ ಶುರು ಮಾಡಬೇಡಿ.

ನನ್ನನ್ನು ಕೇಳಿದರೆ ಹೊಸ ಟ್ರಸ್ಟೇ ಬೇಡ. ಡೀಡ್ ನೋಂದಣಿ, ಪ್ಯಾನ್ ಒಮ್ಮೆ ಮಾಡಿದರೆ ಮುಗಿಯಿತು, ಆದರೆ ಲೆಕ್ಕ ಬರೆಯುವುದು, ರಿಟರ್ನ್ ವರ್ಷ ವರ್ಷ ಇರುತ್ತದೆ, ಕೆಲವು ವರ್ಷಕ್ಕೊಮ್ಮೆ ತೆರಿಗೆ ನೋಂದಣಿಯ ನವೀಕರಣವೂ. ಈಗ ನೀವು ಅಣ್ಣ ತಮ್ಮಂದಿರು ಉತ್ಸಾಹದಲ್ಲಿದ್ದೀರಿ. ಇಪ್ಪತ್ತು ವರ್ಷದ ಮೇಲೆ ಒಬ್ಬರು ದುಬೈ, ಒಬ್ಬರು ಬೆಂಗಳೂರು ಅಂತಾದರೆ ಸಹಿ ಹಾಕಲು ಯಾರು ಬರುತ್ತಾರೆ? ಸಹಿಗೆ ಜನ ಸಿಗದೆ ಎಫ್‌ಡಿ ಸುಮ್ನೆ ನವೀಕರಣ ಆಗುತ್ತಾ ಬಿದ್ದಿರುವ ಟ್ರಸ್ಟುಗಳನ್ನು ನಾನು ನೋಡಿದ್ದೇನೆ. ಅದರ ಬದಲು ಈಗಾಗಲೇ ಕೆಲಸ ಮಾಡುತ್ತಿರುವ ಒಂದು ಸಂಸ್ಥೆಯಲ್ಲಿ ಅಪ್ಪನ ಹೆಸರಲ್ಲಿ ದತ್ತಿನಿಧಿ ಇಡಿ. ಇದು ಮೂಲನಿಧಿಗೆ ಕೊಟ್ಟದ್ದು, ಬಡ್ಡಿ ಮಾತ್ರ ಖರ್ಚಿಗೆ, ಬಡ್ಡಿಯಲ್ಲಿ ಇಷ್ಟು ಭಾಗ ವಾಪಸ್ ಮೂಲಕ್ಕೆ ಅಂತ ಕಾಗದದಲ್ಲಿ ಬರೆಸಿ. ಸಮಾರಂಭಕ್ಕೆ ಇದರಲ್ಲಿ ಮುಟ್ಟಬಾರದು ಅಂತಲೂ ಬರೆಸಿ, ಬರೆಸಲು ಸಂಕೋಚ ಬೇಡ. ವರ್ಷಕ್ಕೊಮ್ಮೆ ಲೆಕ್ಕ ಕೇಳಿ.

ಯಾವ ಸಂಸ್ಥೆ ಅಂತ ಈಗಲೇ ನಿರ್ಧಾರ ಮಾಡಬೇಡಿ. ಮೂರು ನಾಲ್ಕು ಕಡೆ ಹೋಗಿ. ಆಫೀಸಿನಲ್ಲಿ ಕೂತು ಮಾತಾಡಿ ಬರಬೇಡಿ. ಒಳಗಿನ ಕೋಣೆ ತೋರಿಸಿ ಅನ್ನಿ, ದುಡ್ಡಿಲ್ಲದೆ ಅರ್ಧಕ್ಕೆ ನಿಂತ ಕೆಲಸ ಯಾವುದು ಅಂತ ಕೇಳಿ, ಅಲ್ಲಿ ದಿನಾ ಕೆಲಸ ಮಾಡುವವರನ್ನೇ ಕೇಳಿ. ಮತ್ತೆ, ದಯವಿಟ್ಟು ಜುಲೈಯಲ್ಲಿ ಹೋಗಿ. ಡಿಸೆಂಬರಿನಲ್ಲಿ ಎಲ್ಲ ಕಪಾಟುಗಳೂ ಚೆನ್ನಾಗಿಯೇ ಕಾಣುತ್ತವೆ.